ಪದವಿ ಪತ್ರದ ಮೇಲಿನ ಕುಂಕುಮ

ರಾಜತಾಂತ್ರಿಕ ವಿನಾಯಿತಿ ಎಂಬುದೊಂದು ಸೌಲಭ್ಯವಿದೆ. ಅದಿರುವ ರಾಯಭಾರಿಯನ್ನು ಪರದೇಶದ ಪೊಲೀಸರು ಹಿಡಿಯುವಂತಿಲ್ಲ, ಅವರ ಸಾಮಾನು ತೆರೆಯುವಂತಿಲ್ಲ. ನಾನೂ ವಿದೇಶಾಂಗ ಸಚಿವಾಲಯದವನೇ. ಆದರೆ ಪರದೇಶಕ್ಕೆ ಹೋಗುವವರ ಪ್ರಮಾಣಪತ್ರಗಳಿಗೆ ಮುದ್ರೆ ಒತ್ತುವ ವಿಭಾಗದ ಬರೀ ಗುಮಾಸ್ತ. ರಜೆಗೆಂದು ಕೂಡ್ಲಿಗಿಗೆ ಬಂದರೆ ಬಸ್ ಸ್ಟ್ಯಾಂಡಿನಿಂದ ಮನೆ ಮುಟ್ಟುವಷ್ಟರಲ್ಲಿ ನಾಲ್ಕು ಜನ ಹಿಡಿದು ನಿಲ್ಲಿಸಿ ಪಾಸ್‌ಪೋರ್ಟಿನ ವಿಚಾರ ಕೇಳುತ್ತಾರೆ. ಚೀಲವನ್ನು ಮನೆಯವರು ಬಾಗಿಲಲ್ಲೇ ತೆರೆಯುತ್ತಾರೆ.

ಈ ಸಲ ಹಿರೇಹಡಗಲಿಯಿಂದ ತಂಗಿ ಗಂಗಮ್ಮ, ಮಗಳು ಕಾವ್ಯಾಳನ್ನು ಕರೆದುಕೊಂಡು ಬಂದಳು. ಕಾವ್ಯಾಳಿಗೆ ಒಮಾನಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಪದವಿ ಪತ್ರಕ್ಕೆ ನಮ್ಮ ಮುದ್ರೆ ಬಿದ್ದು ತಿಂಗಳೊಳಗೆ ಅಲ್ಲಿಗೆ ಮುಟ್ಟದಿದ್ದರೆ ಆ ಕೆಲಸ ಬೇರೆಯವರ ಪಾಲು. ಗಂಗಮ್ಮ ರೇಷ್ಮೆ ವಸ್ತ್ರ ಬಿಚ್ಚಿ ಪತ್ರ ಕೈಗಿಟ್ಟಳು. ನಾಲ್ಕೂ ಮೂಲೆಗೆ ಅರಿಶಿಣ, ವಿಶ್ವವಿದ್ಯಾಲಯದ ಮೊಹರಿನ ನಟ್ಟನಡುವೆ ಕಾಸಗಲ ಕುಂಕುಮ.

"ಇದು ನಡಿಯಂಗಿಲ್ಲವ್ವ. ಕಲೆ ಬಿದ್ದ ಪತ್ರ ನಾವು ತಗಳಂಗಿಲ್ಲ" ಎಂದೆ.

"ಕಲೆ ಎಲ್ಲೈತಣ್ಣ? ದೇವರ ಮುಂದಿಟ್ಟು ಪೂಜಿ ಮಾಡೀವಿ. ಲಗ್ನಪತ್ರಿಕಿಗೆ ಹಚ್ಚಂಗಿಲ್ಲೇನು?"

"ಲಗ್ನಪತ್ರಿಕಿ ಒಮಾನಿಗೆ ಹೋಗಂಗಿಲ್ಲ."

"ನಿಮ್ಮ ಸಾಹೇಬ್ರೂ ಮನ್ಯಾಗ ಪೂಜಿ ಮಾಡತಾರಿಲ್ಲೋ? ಒಂದು ಮಾತು ಹೇಳಿ ನೋಡು."

ನನಗೆ ರೇಗಿಹೋಯಿತು. ಹೊಸ ಸ್ಕೂಟರಿಗೆ, ಹೊಲಿಗೆ ಯಂತ್ರಕ್ಕೆ, ಕಡೆಗೆ ಗ್ಯಾಸ್ ಸಿಲಿಂಡರಿಗೂ ಕುಂಕುಮ ಹಚ್ಚುವ ಜನ ನಾವು. ಹಚ್ಚಲಿ, ಅವು ಯಾವ ದೇಶಕ್ಕೂ ಹೋಗುವುದಿಲ್ಲ. ಇಂಥ ಪತ್ರ ತಂದ ಎಷ್ಟೋ ಮಂದಿಯನ್ನು ಬೈದು ವಾಪಸು ಕಳಿಸಿದ್ದೇನೆ. ಆ ಭಾಷಣವೆಲ್ಲ ಬಾಯಿಪಾಠವಾಗಿದೆ. ಅದನ್ನೇ ಇಲ್ಲೂ ಬಿಗಿದೆ. ಓದಿದವರಿರುವ ಮನೆಯಲ್ಲಿ ಇಷ್ಟೂ ತಿಳಿವಳಿಕೆ ಬೇಡವೇ, ಹುಡುಗಿಯ ಅನ್ನಕ್ಕೆ ಕಲ್ಲು ಹಾಕಿದಿರಲ್ಲ, ಹಚ್ಚಿದ ಮಹಾನುಭಾವ ಯಾರು, ಅವನನ್ನು ಮೊದಲು ಕರೆಸಿ ಎಂದೆ. ಗಂಗಮ್ಮ ಸೆರಗು ಬಾಯಿಗೆ ಹಿಡಿದು ಗೋಡೆ ನೋಡತೊಡಗಿದಳು.

ಕಾವ್ಯಾ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದಳು. ಹೋದ ವರ್ಷದ ಫೋಟೊ, ಅವರ ಮನೆಯ ದೇವರ ಜಗಲಿ. ಮಡಿಪಂಚೆ ಉಟ್ಟ ಬೋಳುತಲೆಯ ಒಬ್ಬ ಮನುಷ್ಯ ಪದವಿ ಪತ್ರದ ಮೊಹರಿನ ಮೇಲೆ ಬೆರಳೊತ್ತಿ, ಕ್ಯಾಮೆರಾ ನೋಡಿ ನಗುತ್ತಿದ್ದಾನೆ.

"ಸರಕಾರದ ಮುದ್ರಿ ಒತ್ತೋ ಕೈ, ನಿಮ್ಮ ಕಡಿಂದನ ಹಚ್ಚಿಸಿದ್ರ ಚಲೋ ಅಂತ ಅವ್ವ ನಿಮಗ ಕೊಟ್ಟಿದ್ಲು ಮಾವ" ಎಂದಳು ಮೆಲ್ಲಗೆ.

ಮರುದಿನವೇ ಎರಡನೇ ಪ್ರತಿಗಾಗಿ ವಿಶ್ವವಿದ್ಯಾಲಯದ ಕಿಟಕಿಯ ಮುಂದೆ ನಾನೇ ಸಾಲು ನಿಂತೆ. ಅಲ್ಲಿನ ಗುಮಾಸ್ತ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಓದಿದವರಿಗೆ ಇಷ್ಟೂ ತಿಳಿವಳಿಕೆ ಬೇಡವೇ ಎಂದು ಶುರುಮಾಡಿದ. ಒಂದು ಮಾತೂ ಬಿಡದೆ ನನ್ನದೇ ಭಾಷಣ. ತಲೆ ತಗ್ಗಿಸಿ ಪೂರ್ತಿ ಕೇಳಿದೆ. ಹತ್ತು ದಿನದಲ್ಲಿ ಹೊಸ ಪ್ರತಿ ಕೊಡುತ್ತೇವೆಂದು ಒಪ್ಪಿಕೊಂಡ ಮೇಲೆ, ಅರ್ಜಿಯಲ್ಲಿ ಕಾರಣ ಬರೆದುಕೊಳ್ಳಲು ಪೆನ್ನು ಎತ್ತಿ ಕೇಳಿದ: "ಯಾರ್ರೀ ಇದನ್ನ ಹಚ್ಚಿದ್ದು?"

"ನಮ್ಮ ತಂಗಿರೀ" ಎಂದೆ.