ಹೆಡ್‌ಫೋನಿಗೆ ತೂಗಿದ ತಲೆ

ಸತ್ಯಮಂಗಲದ ಕಾರ್ಖಾನೆಯಲ್ಲಿ ತಗಡು ಬಡಿಯುವ ಯಂತ್ರದ ಪಕ್ಕ ನಿಂತು ದುಡಿಯುವ ಮಹಾಲಿಂಗಯ್ಯನಿಗೆ ಇದ್ದದ್ದು ಒಂದೇ ಆಸೆ: ರಜೆಯ ದಿನವಾದರೂ ಮನೆಯಲ್ಲಿ ಕೂತು ಫೋನಿನಲ್ಲಿ ಕೊಳಲು ಕೇಳಬೇಕು, ಮೊದಲಿನಿಂದ ಕೊನೆಯವರೆಗೆ. ಆದರೆ ಕೊಳಲು ಶುರುವಾದೊಡನೆ ಹೆಂಡತಿ ವನಜಾಕ್ಷಿಯ ಕೂಗೂ ಶುರುವಾಗುತ್ತಿತ್ತು.

“ರೀ, ಸೌಂಡ್ ಕಮ್ಮಿ ಮಾಡ್ರೀ! ಸೀರಿಯಲ್ ಕೇಳಿಸ್ತಿಲ್ಲ!”

ಹೆಡ್‌ಫೋನ್ ತರೋಣವೆಂದು ಭಾನುವಾರ ಬೆಳಿಗ್ಗೆ ಹೊರಟ. ಅದು ಮಹಡಿ ಮನೆಯ ಸೋಮಶೇಖರನ ಕಿವಿಗೆ ಬಿದ್ದದ್ದೇ ತಪ್ಪಾಯಿತು. ಅವನೂ ಚಪ್ಪಲಿ ಮೆಟ್ಟಿಕೊಂಡು ಬಂದು, ಅಂಗಡಿಯಲ್ಲಿ ಉಪದೇಶ ಶುರು ಮಾಡಿದ.

“ಬ್ಲೂಟೂತಲ್ಲಿ ಅರ್ಧ ಸೌಂಡ್ ಸೋರೋಗ್ತದೆ ಸಾರ್. ವೈರ್‌ದೇ ಬೇಕು. ವೈರ್‌ಗೆ ಸೌಂಡ್ ಶುದ್ಧ ಮಾಡೋ ಡ್ಯಾಕ್ ಬೇಕು, ಡ್ಯಾಕ್‌ಗೆ ಸೌಂಡ್ ಏರಿಸೋ ಆಂಪ್ ಬೇಕು, ಆಂಪ್‌ಗೆ ಒಂದು ಟೇಬಲ್ ಬೇಕು.”

“ನಂಗೆ ಕೊಳಲು ಕೇಳಿದ್ರೆ ಸಾಕು ಕಣಪ್ಪ!”

ಹೆಣ್ಣು ನೋಡಲು ಹೋದವನಿಗೆ ಬೀಗರ ಪೈಕಿಯವರನ್ನೆಲ್ಲ ಪರಿಚಯಿಸಿದ ಹಾಗಾಗಿತ್ತು ಪಾಪ ಅವನ ಪಾಡು. ಕೊನೆಗೆ ಅಂಗಡಿಯವನಿಗೇ ಕನಿಕರ ಬಂತು. ಕಿವಿ ಪೂರ್ತಿ ಮುಚ್ಚುವ ಒಂದು ಹೆಡ್‌ಫೋನು, ಅದನ್ನು ಫೋನಿಗೆ ಸಿಕ್ಕಿಸಲು ಬೆರಳುದ್ದದ ಒಂದು ವೈರು ಕೊಟ್ಟ.

“ಇಷ್ಟೇ ಸಾರ್ ಬೇಕಾಗಿರೋದು. ಪಕ್ಕದಲ್ಲಿ ಪಟಾಕಿ ಹೊಡೆದ್ರೂ ಗೊತ್ತಾಗಲ್ಲ.”

“ಡಬ್ಬಾ ಸೆಟ್ಟು,” ಎಂದು ಸೋಮಶೇಖರ್ ದಾರಿಯುದ್ದಕ್ಕೂ ಮೂಗು ಮುರಿದ.

ಮನೆಯಲ್ಲಿ ವನಜಾಕ್ಷಿ ಹೊಸ ವಸ್ತುವನ್ನು ದೇವರ ಮುಂದಿಟ್ಟು, ಎರಡೂ ಕಿವಿಗೆ ವಿಭೂತಿ ಹಚ್ಚಿ, ಮಂಗಳಾರತಿ ಎತ್ತಿ ಕೊಟ್ಟಳು. ಮಹಾಲಿಂಗಯ್ಯ ಕುರ್ಚಿಗೊರಗಿ ಹೆಡ್‌ಫೋನ್ ಹಾಕಿಕೊಂಡ. ಸೀರಿಯಲ್ಲು, ಕುಕ್ಕರು, ಬೀದಿ ಎಲ್ಲವೂ ಮಾಯವಾದವು. ಉಳಿದದ್ದು ಕೊಳಲೊಂದೇ. ಅವನ ಕಣ್ಣು ತಾನಾಗಿ ಮುಚ್ಚಿತು, ತಲೆ ಕೋಲೆ ಬಸವನ ತಲೆಯಂತೆ ತೂಗತೊಡಗಿತು. ಇಷ್ಟು ಸುಖವನ್ನು ಅವನು ಯಾವ ಭಾನುವಾರವೂ ಕಂಡಿರಲಿಲ್ಲ.

ಕೊಳಲು ಮುಗಿದು, ಹೆಡ್‌ಫೋನನ್ನು ಕತ್ತಿಗಿಳಿಸಿ ಕಣ್ಣು ಬಿಟ್ಟರೆ ಎದುರಿಗೆ ಭಜನಾ ಮಂಡಳಿಯ ರಾಮಾಂಜಿನಯ್ಯ ಕೈ ಮುಗಿದು ನಿಂತಿದ್ದರು. ಹಿಂದೆ ಜಮಖಾನ, ಹಾರ್ಮೋನಿಯಂ, ಡೋಲಕ್ಕು ಒಂದೊಂದಾಗಿ ಒಳಗೆ ಬರುತ್ತಿದ್ದವು.

“ದೊಡ್ ಮನಸ್ಸು ಸ್ವಾಮಿ ನಿಮ್ದು. ಕಾರ್ತಿಕ ಮಾಸ ಪೂರ್ತಿ ಭಜನೆ ನಿಮ್ಮನೇಲೇ ಇಟ್ಕೊಳ್ಳೋಣ್ವಾ ಅಂದೆ. ತಕ್ಷಣ ಒಪ್ಕೊಂಡ್ರಿ!”

“ನಾನೆಲ್ಲಿ ಒಪ್ಕೊಂಡೆ?”

“ತಲೆ ಆಡ್ಸಿದ್ರಲ್ಲ! ದಿನಾಲೂನಾ ಅಂದೆ, ಅದಕ್ಕಿನ್ನೂ ಜೋರಾಗಿ ಆಡ್ಸಿದ್ರಿ.”

ಇಲ್ಲವೆನ್ನಲು ಹೆಂಡತಿಯ ಕಡೆ ತಿರುಗಿದ. ಅವಳ ಕಣ್ಣಲ್ಲಿ ನೀರು ತುಂಬಿತ್ತು. “ಇಷ್ಟು ವರ್ಷದಲ್ಲಿ ಈ ಬೀದಿಯೋರು ನಮ್ಮನ್ನ ಒಂದು ಮಾತು ಕೇಳಿರ್ಲಿಲ್ಲ ಕಣ್ರೀ,” ಎಂದಳು. ಆ ಮುಖ ನೋಡಿ ಅವನು ಕುರ್ಚಿಯನ್ನು ಪಕ್ಕಕ್ಕೆಳೆದು ಜಮಖಾನಕ್ಕೆ ಜಾಗ ಬಿಟ್ಟ. ಇರಲಿ, ಹೆಡ್‌ಫೋನ್ ಇದೆಯಲ್ಲ, ಒಳಕೋಣೆಯಲ್ಲಿ ಹಾಕಿಕೊಂಡು ಕೂತರಾಯಿತು ಎಂದು ಸಮಾಧಾನ ಮಾಡಿಕೊಂಡ.

ಅಷ್ಟರಲ್ಲಿ ಮಹಡಿಯಿಂದ ಇಳಿದು ಬಂದು ಹಿಂದೆ ನಿಂತಿದ್ದ ಸೋಮಶೇಖರ್ ಅವನ ಕತ್ತಿನಿಂದ ಹೆಡ್‌ಫೋನನ್ನು ಮೆಲ್ಲಗೆ ಕಳಚಿ, ವೈರು ಸುತ್ತತೊಡಗಿದ.

“ಏನ್ಲಾ ಇದು?”

“ಕೆಳಗೆ ದಿನಾ ಭಜನೆ ಅಂದ್ರೆ ಮೇಲೆ ತಡೆಯಕ್ಕಾಗಲ್ಲ, ಒಂದು ತಿಂಗಳು ಇದನ್ನ ಕೊಡ್ತೀರಾ ಅಂತ ಆಗ್ಲೇ ಕೇಳಿದ್ನಲ್ಲ ಸಾರ್. ಅದಕ್ಕೂ ತಲೆ ಆಡ್ಸಿದ್ರಿ.”

ಡಬ್ಬಾ ಸೆಟ್ಟು ಮೆಟ್ಟಿಲು ಹತ್ತಿ ಹೋಯಿತು. ಡೋಲಕ್ಕಿನ ಮೇಲೆ ಮೊದಲ ಪೆಟ್ಟು ಬಿತ್ತು.

“ನೀವೇ ತಾಳ ಹಾಕ್ತೀರಾ ಸ್ವಾಮಿ?” ರಾಮಾಂಜಿನಯ್ಯ ಕೇಳಿದರು.

ಮಹಾಲಿಂಗಯ್ಯ ಈ ಸಲ ಕತ್ತನ್ನು ಕಂಬದಂತೆ ನೆಟ್ಟಗೆ ಹಿಡಿದು, ತುಟಿ ಬಿಚ್ಚದೆ ಕೂತ.

“ಮೌನಂ ಸಮ್ಮತಿ ಲಕ್ಷಣಂ,” ಎಂದು ಅವರು ತಾಳಗಳನ್ನು ಅವನ ಕೈಗಿತ್ತರು.