ಮಜಾ ಇಲ್ಲದ ಪ್ರಾಣಿಗಳು

ದುಡಿಯಾಕ ಹೋದ್ರ ಕೆಲವ್ರಿಗೆ ಪಗಾರ ಸಿಗತೈತಿ, ಕೆಲವ್ರಿಗೆ ಹೆಸರು ಸಿಗತೈತಿ. ನನಗ ಬರೇ ಇಂಥಾ ಪ್ರಸಂಗ ಸಿಕ್ಕಾವ. ಒಂದು ಮುಗೀತು ಅನ್ನೂದ್ರಾಗ ಮತ್ತೊಂದು ಬಂದು ಬಾಗಲಾ ಬಡೀತೈತಿ. ನಕ್ಕೋತ ಹೇಳಬೇಕಂತ ಸುರು ಮಾಡತೇನಿ, ಹೇಳಕೋತ ಹೋದಂಗ ಮಾರಿ ಸಣ್ಣದಾಗತೈತಿ. ಏನ್ ಮಾಡೂದ್ರಿ, ಮಾರಿ ನನ್ನ ಮಾತು ಕೇಳಾಂಗಿಲ್ಲ.

ಎರಡು ಸಾವಿರದ ಐದೋ ಆರೋ ಇರಬೇಕು. ನಮ್ದು ಗುಳೇದಗುಡ್ಡ. ಮನ್ಯಾಗ ಕುಬಸದ ಖಣಾ ನೇಯೂ ಕುಣಿಮಗ್ಗ. ನಮ್ಮಪ್ಪ ಕುಣ್ಯಾಗ ಇಳದು ನೇಯ್ತಿದ್ದ, ನಾ ಮ್ಯಾಲ ಕುಂತು ಚೌಕದ ಹಾಳಿ ಮ್ಯಾಲ ಖಣಕ್ಕ, ಇಳಕಲ್ ಸೀರಿ ದಡಿಗೆ ನಕ್ಷೆ ಬರೀತಿದ್ದೆ. ಬಾಗಲಕೋಟಿ ನವನಗರದಾಗ ಒಬ್ರು ಸರ್ ಕಂಪ್ಯೂಟರ್ ಕ್ಲಾಸ್ ಇಟ್ಟಿದ್ರು. ಕಲಿಯಾವ್ರು ಯಾರೂ ಬರಲಾರದ್ದಕ್ಕ ಬಾಂಬೇ ಕಂಪನಿ ಒಂದರಿಂದ ಮೊಬೈಲ್ ಗೇಮ್ ಮಾಡೂ ಕೆಲಸಾ ಹಿಡದ್ರು. ಗೇಮ್ ಏನಂದ್ರ, ಅಡವ್ಯಾಗ ಅಡ್ಡಾಡಿ ವಿಚಿತ್ರ ಪ್ರಾಣಿ ಹಿಡೀಬೇಕು, ಸಾಕಬೇಕು, ಮತ್ತೊಬ್ರ ಪ್ರಾಣಿ ಕೂಡ ಕುಸ್ತಿಗೆ ಬಿಡಬೇಕು. ಆಗಿನ ಮೊಬೈಲ್ ಪಡದೆ ಅಂದ್ರ ಕಡ್ಡಿಪೆಟ್ಟಿಗಿಯಷ್ಟು. ಅದರ ಮ್ಯಾಲ ಚಿತ್ರಾ ಬರಿಯೂದಂದ್ರ ಚೌಕ ಚೌಕ ತುಂಬೂದ. "ಖಣದ ನಕ್ಷೆ ಬರಿಯಾವಗ ಇದೇನ್ ದೊಡ್ಡ ಮಾತು" ಅಂತ ಸರ್ ನನ್ನ ಕರಕೊಂಡ್ರು. ನಾ ಬರದದ್ದನ್ನ ಕಂಪ್ಯೂಟರಿನಾಗ ಹಾಕಿ ಓಡಾಡಸಾಕ ಹುನಗುಂದದ ಒಬ್ಬ ಇಂಜಿನಿಯರ್ ಇದ್ದ.

ನಮ್ಮಪ್ಪಗ ಮೊಣಕಾಲು ಹಿಡದಿದ್ವು. ಕುಣ್ಯಾಗ ಇಳದ್ರ ಏಳಾಕ ಬರ್ತಿರಲಿಲ್ಲ. "ನಿನ್ನ ಕೆಲಸಾ ಕಾಯಂ ಆತಂದ್ರ ಕುಣಿ ಮುಚ್ಚಿ ಫರಸಿ ಹಾಕಸ್ತೇನಿ. ಇಲ್ಲಂದ್ರ ಅದರಾಗ ನೀನ ಇಳಿ" ಅಂದಿದ್ದ. ಕಾಯಂ ಆಗಬೇಕಂದ್ರ ಆ ಕಂಪನಿಯ ಬಾಂಬೇದವ ನಮ್ಮ ಪ್ರಾಣಿ ಪಾಸ್ ಮಾಡಬೇಕು. ಸಣ್ಣಂವಿದ್ದಾಗಿಂದ ನೋಡೇನಿ, ಆ ಕುಣ್ಯಾಗ ಇಳದವ್ರು ಮುದುಕರಾಗೇ ಮ್ಯಾಲ ಬರೂದು.

ಮೊದಲನೇ ಪ್ರಾಣಿ

ಆನಿ ಸೊಂಡಿ, ಹುಲಿ ಬಾಲ, ನವಿಲಿನ ಕುತಗಿ ಹಚ್ಚಿ ಒಂದು ಪ್ರಾಣಿ ಬರದೆ. ಭಾಳ ಚಂದ ಬಂದಿತ್ತು. ನನಗ ನಾನ ಶಾಬ್ಬಾಸ್ ಅಂದ್ಕೊಂಡೆ. ಹುನಗುಂದದಾವ ಅದನ್ನ ಕಂಪ್ಯೂಟರಿಗೆ ಹಾಕಿ ಒಂದು ತಾಸು ತಲಿ ಕೆರಕೊಂಡ.

"ಇದು ನಡ್ಯಾಂಗಿಲ್ಲಲೇ."

"ಯಾಕ?"

"ನಾಕೂ ಕಾಲು ಕೂಡಿ ಕುಂತಾವ. ನಡುವ ಸಂದಿನ ಇಲ್ಲ. ಹ್ಯಾಂಗ ಎತ್ತಸಲಿ?"

ಸರ್ ಎದ್ದು ಬಂದು ಕನ್ನಡಕಾ ಏರಿಸಿ ನೋಡಿದ್ರು. "ಕಾಲಿನ ನಡುವ ಏನ್ ತುಂಬೀಪಾ ಇದು?"

"ಸರ್, ಅದು ಕಟ್ಟು. ಅಷ್ಟು ದೊಡ್ಡ ಸಂದಿ ಬಿಟ್ರ ಹಿಂದ ದಾರ ಜೋಲು ಬೀಳತೈತಿ. ತೊಟ್ಟಾಕಿ ಬಳಿ ಸಿಕ್ಕಿ ಹರೀತೈತಿ."

ಹನ್ನೆರಡು ವರ್ಷ ಖಣಕ್ಕ ಬರದ ಕೈ. ಖಾಲಿ ಜಾಗಾ ಕಂಡ್ರ ತಾನ ತುಂಬತಿತ್ತು. ಸರ್ ಕುರ್ಚಿ ಮ್ಯಾಲ ಕುಂತು, ಉಸಿರು ಬಿಟ್ಟು, ನಿಧಾನಕ ಕೇಳಿದ್ರು:

"ತಮ್ಮಾ, ಈ ಪ್ರಾಣೀನ ಯಾರು ಹೊಲಿಸಿ ತೊಟಗೋತಾರ?"

ಒತ್ತಾಯ

ಕಾಲು ಬಿಡಿಸಿ ಕಳಿಸಿದ್ವಿ. ಬಾಂಬೇದವ ಫೋನ್ ಮಾಡಿ ಹಿಂದಿ ಭಾಷಾದಾಗ ಅಂದ: "ಪ್ರಾಣಿ ನಡೀತಾವ ಖರೆ, ಆದ್ರ ಮಜಾ ಇಲ್ಲ. ಹಿಡದ ಮ್ಯಾಲ ಸುಮ್ನ ಕುಂದ್ರತಾವ. ಅವಕ್ಕೊಂದು ಸ್ವಭಾವ ಕೊಡ್ರಿ."

ಸ್ವಭಾವ ಅಂದ್ರ ಏನು ಅಂತ ಮೂರೂ ಮಂದಿ ವಿಚಾರ ಮಾಡಿದ್ವಿ. ಹುನಗುಂದದಾವ, "ಅವಕ್ಕ ಹಸಿವು ಇಡೂಣು. ಊಟಾ ಹಾಕದಿದ್ರ ಸಾಯಲಿ" ಅಂದ. ಚಲೋ ಐತಿ ಅಂದ್ವಿ. ಆದ್ರ ಅಂವ ಮರ್ಯಾದಸ್ಥರ ಮನಿಯಾವ. ಪ್ರಾಣಿಗೂ ಮರ್ಯಾದಿ ಕಲಿಸಿಬಿಟ್ಟ. ಊಟಾ ಹಾಕಿದ ಕೂಡ್ಲೇ ತಿನ್ನಾಂಗಿಲ್ಲ. ಮೊದ್ಲ "ಬ್ಯಾಡ್ರಿ, ಹೊಟ್ಟಿ ತುಂಬೇತಿ" ಅಂತೈತಿ. ಮತ್ತೊಮ್ಮಿ ಹಾಕಿದ್ರ ತಲಿ ಅಲ್ಲಾಡಸತೈತಿ. ಮೂರನೇ ಸಲ ಹಾಕಿದ್ರ ನಾಚಕೋತ ಉಣತೈತಿ. ನಮಗ ಮೂವರಿಗೂ ಇದರಾಗ ಏನೂ ವಿಚಿತ್ರ ಕಾಣಲಿಲ್ಲ.

ನಾಕು ದಿನಕ್ಕ ಬಾಂಬೇದಿಂದ ಫೋನ್. "ನಿಮ್ಮ ಪ್ರಾಣಿ ಎಲ್ಲಾ ಸಾಯಾಕತ್ತಾವ! ಊಟಾ ಹಾಕಿದ್ರ ಬ್ಯಾಡ ಅಂತಾವ, ಮರುದಿನ ಸತ್ತಿರತಾವ!"

"ಒತ್ತಾಯ ಮಾಡಿದ್ರೇನ್ರಿ?" ಅಂದ್ರು ಸರ್.

"ಬ್ಯಾಡ ಅಂದ ಮ್ಯಾಲ ಯಾಕ ಒತ್ತಾಯ ಮಾಡಲಿ?"

ಸರ್ ಫೋನ್ ಇಟ್ರು. ಮರಗಿ ಅಂದ್ರು: "ಪಾಪ, ಅಂವಗ ತಿರಿಗೊಮ್ಮಿ ನೀಡಾವ್ರು ಒಬ್ರೂ ಇಲ್ಲಂತ ಕಾಣತೈತಿ. ಹಿಂಗಾಗೇ ಹಂಗ ಒದರತಾನ."

ಬಾದಾಮಿ ಪ್ರವಾಸ

"ರೂಪ ಸಪ್ಪಗ ಅದಾವ, ಎಲ್ಲ್ಯಾರೆ ಹೋಗಿ ನಾಕು ಹೊಸಾ ರೂಪ ನೋಡ್ಕೊಂಡು ಬರ್ರಿ" ಅಂತ ಬಾಂಬೇದವನ ಆಜ್ಞೆ ಆತು. ಸರ್ ನಮ್ಮನ್ನ ಬಾದಾಮಿ ಗುಹೆಗೆ ಕರಕೊಂಡು ಹೋದ್ರು. ಅಲ್ಲಿ ಕಟ್ಟಿ ಕೆಳಗ ಡೊಳ್ಳು ಹೊಟ್ಟಿ ಕುಳ್ಳರನ್ನ ಸಾಲಾಗಿ ಕೆತ್ತ್ಯಾರ, ಒಬ್ಬನ ಮಾರಿ ಇದ್ದಂಗ ಇನ್ನೊಬ್ಬಂದಿಲ್ಲ. ನಾ ಕುಂತು ಬರಕೊಳ್ಳಾಕತ್ತೆ. ಬಿಸಿಲು ನೆತ್ತಿ ಸುಡತಿತ್ತು. ಇದನ್ನ ಕೆತ್ತಿದವ್ರಿಗೆ ಮಜಾ ಇಲ್ಲ ಅನ್ನಾವ ಒಬ್ಬ ಇದ್ದಿದ್ರ ಏನ್ ಮಾಡ್ತಿದ್ರೋ ಅನಿಸಿ ಮನಸು ಕಹಿ ಆತು.

ಅಷ್ಟರಾಗ ಮಂಗ್ಯಾ ಒಂದು ಬಂದು ಸರ್ ಕೈಯಾಗಿಂದ ಮೊಬೈಲ್ ಕಸಗೊಂಡು ಬಂಡೆಗಲ್ಲಿನ ಮ್ಯಾಲ ಏರಿತು. ಅದರಾಗ ನಮ್ಮ ಗೇಮ್ ತೆರದಿತ್ತು. ಮಂಗ್ಯಾ ನಡುವಿನ ಗುಂಡಿ ಒತ್ತಿದ್ದ ಒತ್ತಿದ್ದು. ಶೇಂಗಾ ಮಾರೂ ಅಕ್ಕಾರು, "ಚೀಲಾ ಪೂರಾ ತಗೊಂಡು ಹಾಕ್ರಿ, ಅಂದ್ರ ಇಳಿತೈತಿ" ಅಂದ್ರು. ಹಾಕಿದ್ವಿ. ಮೊಬೈಲ್ ಬಿಟ್ಟು ಶೇಂಗಾ ಒಯ್ತು.

ನೋಡಿದ್ರ ಪಡದೆ ಮ್ಯಾಲ "ಪ್ರಾಣಿ ಸಿಕ್ಕಿತು" ಅಂತ ಬಂದಿತ್ತು. ಸಿಕ್ಕದ್ದು ಎಲ್ಲಕ್ಕಿಂತ ಚಾಲಾಕ ಪ್ರಾಣಿ, ಬಾಂಬೇದವನ ಕೈಲೆ ಅಲ್ಲೀತನಕ ಅದನ್ನ ಹಿಡಿಯಾಕ ಆಗಿರಲಿಲ್ಲ. ಹುನಗುಂದದಾವ ಅಂಗೀಲೆ ಮೊಬೈಲ್ ಒರಸಕೋತ ಅಂದ:

"ಸರ್, ತಪ್ಪು ಗೇಮಿನಾಗ ಇಲ್ರಿ. ಗಿರಾಕಿ ಬದಲ್ ಮಾಡ್ರಿ."

ಅವ್ವ

ಒಂದಿನ ಮನ್ಯಾಗ ಗೇಮ್ ತೋರಿಸಿದೆ. ನಮ್ಮವ್ವ ಅಡಗಿಮನಿಯಿಂದ ಇಣಕಿ ಕೇಳಿದ್ಲು:

"ಅದನ್ನ ಹಿಡದು ಏನ್ ಮಾಡ್ತಾರೋ?"

"ಬ್ಯಾರೇ ಪ್ರಾಣಿ ಕೂಡ ಜಗಳಾ ಹಚ್ಚತಾರ."

"ಯಾಕ?"

"ಅದು ದೊಡ್ಡದಾಗಲೆಂತ."

"ಅದರವ್ವ ಎಲ್ಲಿ ಅದಾಳ? ಹುಡುಕಾಂಗಿಲ್ಲೇನು?"

ಮರುದಿನ ಇದನ್ನ ಹೇಳಿದ್ದ ತಡ, ಹುನಗುಂದದಾವ ಹಾಕೇಬಿಟ್ಟ. ಮರಿ ಹಿಡದ್ರ ಅದರವ್ವ ಬೆನ್ನ ಹತ್ತಿ ಬರತೈತಿ. ಹೊಡಿಯಾಂಗಿಲ್ಲ, ಬಡಿಯಾಂಗಿಲ್ಲ. ನೀವು ಹೋದಲ್ಲೆಲ್ಲಾ ಸ್ವಲ್ಪ ದೂರ ಬಿಟ್ಟು ನಿಂದ್ರತೈತಿ, ಅಷ್ಟ. ಅದರ ಕಣ್ಣಿಗೆ ನಾ ಎರಡ ಎರಡು ಚೌಕ ಇಟ್ಟಿದ್ದೆ. ಆದ್ರೂ ಅದು ನೋಡೂದು ಎದಿಗೆ ನಾಟತಿತ್ತು.

ಹುನಗುಂದದಾವ ಆಡಿ ನೋಡಿ ಹಿಡದದ್ದನ್ನೆಲ್ಲಾ ಬಿಟ್ಟ. ನಾನೂ ಬಿಟ್ಟೆ. ಸರ್ ಮಧ್ಯಾಹ್ನ ಪೂರಾ ಆಡಿದ್ರು. ಒಂದೊಂದ ಮರಿ ಬಿಟಗೋತ, ಕಡೀದು ಬಿಟ್ಟ ಮ್ಯಾಲ ಕರವಸ್ತ್ರಲೆ ಮೂಗು ಒರಸಿಕೊಂಡು ಹೇಳಿದ್ರು:

"ಭಾಳ ಅಂದ್ರ ಭಾಳ ಚಲೋ ಆಗೇತಿ. ಇವತ್ತ ಇದನ್ನ ತಗದು ಹಾಕ್ರಿ."

ಪಾಸಾದ ಪ್ರಾಣಿ

ಬಾಂಬೇದವನ ಕಡೀ ಫೋನ್ ಬರೂ ದಿನ ನಮ್ಮಪ್ಪನೂ ಆಫೀಸಿನಾಗ ಇದ್ದ. ಮೊಣಕಾಲು ತೋರಸಾಕ ಬಾಗಲಕೋಟಿ ದವಾಖಾನಿಗೆ ಬಂದಾವ, ಮಗನ ಕೆಲಸದ ತೀರ್ಪು ಇವತ್ತ ಅಂತ ತಿಳದು ಹಂಗ ಬಂದಿದ್ದ. ಸರ್ ಫೋನ್ ಎಲ್ಲಾರಿಗೂ ಕೇಳೂ ಹಂಗ ಇಟ್ಟ್ರು.

ಬಾಂಬೇದವ ಹಿಂದ್ಯಾಗ ಅಂದ: "ಒಂದರಾಗೂ ಮಜಾ ಇಲ್ಲ. ಬಂದ್ ಮಾಡಿಬಿಡ್ರಿ."

ನಮ್ಮಪ್ಪಗ ಹಿಂದಿ ಬರಾಂಗಿಲ್ಲ. ಆದ್ರ ಖಣಾ ವಾಪಸ್ ಕಳಸೂ ವ್ಯಾಪಾರಿ ದನಿ ಹ್ಯಾಂಗಿರತೈತಿ ಅನ್ನೂದು ಅಂವಗ ಗೊತ್ತು. ಧಡಕ್ಕನ ಎದ್ದು, ಮೊಣಕಾಲು ನೋವಿಗೆ ಅಯ್ಯಯ್ಯೋ ಅಂತ ಕಿರಚಿ, ಫೋನಿಗೆ ಬಾಯಿ ಹಚ್ಚಿ ಶುರು ಮಾಡಿದ: "ಏನ್ ಕಮ್ಮಿ ಐತ್ಯೋ ಅದಕ್ಕ? ಕಣ್ಣಿಲ್ಲೇನು? ಬಾಲಿಲ್ಲೇನು? ನನ್ನ ಮಗ ಕಣ್ಣು ಕಳಕೊಂಡು ಬರದಾನ, ನೀ ಯಾವ ದೊಡ್ಡ ಮನಶ್ಯಾನೋ!" ನಡುವ ಕೆಮ್ಮು ಬಂತು. ಮಗ್ಗದ ಧೂಳು ಕುಂತ ಎದಿ. ಆ ಕೆಮ್ಮಿಗೆ ಕಿಡಕಿ ಗಾಜು ಅಲ್ಲಾಡತಾವ.

ಕೆಮ್ಮು ನಿಂತ ಕೂಡ್ಲೇ ಬಾಂಬೇದವ ಖುಷೀಲೆ, "ಅರೇ! ಇದ್ಯಾವ ಪ್ರಾಣಿ? ಇದರಾಗ ಮಜಾ ಐತಿ!" ಅಂದ.

ಸರ್ ನನ್ನ ಮಾರಿ ನೋಡಿದ್ರು, ನಮ್ಮಪ್ಪನ ಮಾರಿ ನೋಡಿದ್ರು. "ಹೊಸಾದು ಸರ್. ಗುಳೇದಗುಡ್ಡದ್ದು" ಅಂದ್ರು.

"ಇದು ಪಾಸ್. ಚಿತ್ರಾ ಬ್ಯಾಡ. ಕತ್ತಲ ಗುಹ್ಯಾಗಿಂದ ದನಿ ಅಷ್ಟ ಬರಲಿ."

ಹಂಗ ನಮ್ಮಪ್ಪ ಪಾಸಾದ. ಚಿತ್ರಾ ಬರಿಯಾವ ನಾ, ನನ್ನ ಕೆಲಸಾ ಅಲ್ಲಿಗೆ ಮುಗೀತು. ಸಂಕಟ ತಡಕೊಳ್ಳಾಕ ಆಗಲಿಲ್ಲ. ಬಸ್ಸಿನಾಗ ಕಿಡಕಿ ಕಡೆ ಮಾರಿ ಮಾಡಿ ಅತ್ತೆ.

ದನಿ ತುಂಬಸೂ ದಿನ ನಮ್ಮಪ್ಪ ಇಸ್ತ್ರಿ ಧೋತರಾ ಉಟ್ಟು, ಟೊಪಗಿ ಇಟ್ಟು ಬಾಗಲಕೋಟಿ ಬಸ್ ಹತ್ತಿದ. ನಾ ಕುಣ್ಯಾಗ ಇಳದೆ. ಮಧ್ಯಾಹ್ನ ಓಣಿ ಕಿರಾಣಿ ಅಂಗಡಿ ಫೋನಿಗೆ ಸರ್ ಕರೆ ಬಂತು.

"ಲಗೂನ ಬಾರಪಾ. ನಿಮ್ಮಪ್ಪಾರು ಮೈಕಿನ ಮುಂದ ಕುಂತು ಕೈ ಮುಗದು 'ನಮಸ್ಕಾರ್ರಿ' ಅನ್ನಾಕತ್ತಾರ. ಸಿಟ್ಟಾಗ್ರಿ ಅಂದ್ರ ನಗತಾರ. ಮಗನ ಮಾರಿ ತೋರಸ್ರಿ, ಸಿಟ್ಟು ತಾನ ಬರತೈತಿ ಅಂತ ಅವರ ಹೇಳ್ಯಾರ."

ಲಾಳಿ ಬಿಟ್ಟು ಎದ್ದು ಹೋದೆ. ತಲಿತುಂಬ ನೂಲಿನ ಎಳಿ, ಮೊಣಕಾಲಿಗೆ ಕುಣಿ ಮಣ್ಣು. ಆಫೀಸಿನ ಬಾಗಲದಾಗ ನಿಂತೆ. ನಮ್ಮಪ್ಪ ನನ್ನ ತಲಿಯಿಂದ ಕಾಲಿನತನಕ ನೋಡಿದ. ಟೊಪಗಿ ತಗದು ಟೇಬಲ್ ಮ್ಯಾಲ ಒಗದು ಗುಡುಗಿದ:

"ಅರ್ಧಾ ಖಣಾ ಬಿಟ್ಟು ಯಾಕ ಬಂದ್ಯೋ! ಆ ಕುಣ್ಯಾಗ ನಿನ್ನ ಇಳಸಬಾರದಂತ ಎಷ್ಟ್ ಒದ್ದಾಡಿದ್ನೋ ಹುಚ್ಚಾ, ಎಷ್ಟ್ ಒದ್ದಾಡಿದ್ನೋ!"

ಕಡೀಕ ಕೆಮ್ಮೂ ಬಂತು. ಹುನಗುಂದದಾವ ಮೈಕ್ ಬಂದ್ ಮಾಡೂದು ಮರತು ಕುಂತಿದ್ದ. ಸರ್ ಟೊಪಗಿ ಎತ್ತಿ ಅಪ್ಪನ ಕೈಗೆ ಕೊಟ್ಟು, "ಭಾಳ ಚಲೋ ಬಂತ್ರಿ ಯಜಮಾನ್ರ. ಇನ್ನೊಮ್ಮಿ?" ಅಂದ್ರು.

"ಇನ್ನೊಮ್ಮಿ ಆಗೂದಿಲ್ರಿ ಸಾಹೇಬ್ರ. ಇದ್ದ ಸಿಟ್ಟೆಲ್ಲಾ ಖರ್ಚಾತು" ಅಂತ ನಮ್ಮಪ್ಪ ನನ್ನ ಹೆಗಲ ಹಿಡಕೊಂಡು ಎದ್ದ.

ಆ ದನಿ ಬಾಂಬೇಕ್ಕ ಕಳಿಸಿದ ಮ್ಯಾಲ ಸರ್ ಆಫೀಸಿಗೆ ಕಾಯಂ ಬಾಗಲಾ ಹಾಕಿದ್ರು. ನಾ ಮಗ್ಗದ ಮನಶ್ಯಾನ ಆಗಿ ಉಳದೆ. ಗೇಮ್ ಎಲ್ಲಿಗೆ ಹೋತೋ, ಯಾರ್ ಆಡಿದ್ರೋ ಒಂದೂ ಗೊತ್ತಿಲ್ಲ. ಇಷ್ಟ್ ಮಾತ್ರ ಖರೆ: ಬಾಂಬೇದಾಗೋ ದಿಲ್ಲ್ಯಾಗೋ ಯಾರರೆ ಆ ಗುಹ್ಯಾಗ ಕೈ ಹಾಕಿ ಆ ಪ್ರಾಣಿ ಹಿಡದಿದ್ರ, ಅರ್ಧಾ ಖಣಾ ಬಿಟ್ಟು ಬಂದದ್ದಕ್ಕ ನಮ್ಮಪ್ಪನ ಕಡಿಂದ ಬೈಸ್ಕೊಂಡಿರತಾರ. ಪಾಪ, ಖಣಾ ಅಂದ್ರ ಏನಂತನೂ ಅವ್ರಿಗೆ ಗೊತ್ತಿರಾಂಗಿಲ್ಲ.