ಹದಿನೇಳನೇ ಗೂಡಿನ ನನ್ನ ಬೀಗಿತ್ತಿ

ಲಿಪಾ ಊರಿನ ಹೊರವಲಯದಲ್ಲಿ ‘ಸ್ವರ್ಗದ ಮರಿಗಳು’ ಎಂಬ ನಾಯಿಮರಿ ವ್ಯಾಪಾರ ನಡೆಸುತ್ತ ಊರಿಗೆ ಊರನ್ನೇ ಮುದ್ದಿನಲ್ಲಿ ಮುಳುಗಿಸಿರುವ ಶ್ರೀಮಾನ್ ಹೊನೊರಾತೊ ದಿಮಾಯುಗ ಅವರ ಸನ್ನಿಧಿಗೆ, ಅದೇ ಊರಿನ ಮಾರುಕಟ್ಟೆ ಬೀದಿಯಲ್ಲಿ ಗಂಡಸರು ಹೆಂಗಸರೆನ್ನದೆ ಎಲ್ಲರ ತಲೆಗೂ ಕತ್ತರಿ ಹಾಕುವ ಕ್ರಿಸಾಂತಾ ಮಗ್ಪಂತೈ ಮಾಡುವ ನಮಸ್ಕಾರಗಳು.

ಮಾನ್ಯರೇ,

ಮೊದಲಿಗೆ ಅಭಿನಂದನೆ. ಕಳೆದ ಅಕ್ಟೋಬರಿನಲ್ಲಿ ಇಗರ್ಜಿಯ ಅಂಗಳದಲ್ಲಿ ಸಾಕುಪ್ರಾಣಿಗಳಿಗೆ ಪವಿತ್ರಜಲ ಚಿಮುಕಿಸುವ ದಿನ, ಉಳಿದವರೆಲ್ಲ ಹುಂಜವನ್ನೋ ಎಮ್ಮೆಯನ್ನೋ ಹಿಡಿದು ಬಂದಿದ್ದರೆ, ತಾವು ಮಾರಾಟವಾದ ಮರಿಗಳಿಗೆಲ್ಲ ಲೇಸಿನ ಅಂಗಿ ತೊಡಿಸಿ, ಒಂದೊಂದಕ್ಕೂ ಒಬ್ಬ ಧರ್ಮತಾಯಿಯನ್ನೋ ಧರ್ಮತಂದೆಯನ್ನೋ ಗೊತ್ತುಮಾಡಿ, ಮೆರವಣಿಗೆಯಲ್ಲಿ ಕರೆತಂದಿರಿ. “ನೋಡಪ್ಪಾ, ನೀರು ಬೇಕಾದ್ರೆ ಚಿಮುಕಿಸ್ತೀನಿ, ನಾಯಿಗೆಲ್ಲ ದೀಕ್ಷಾಸ್ನಾನ ಮಾಡ್ಸು ಅಂತ ನನ್ನ ಕೇಳ್ಬೇಡ” ಎಂದು ಪಾದ್ರಿಗಳು ಗೊಣಗಿದ್ದನ್ನೂ ನಗುನಗುತ್ತ ನುಂಗಿಕೊಂಡಿರಿ. ನನ್ನ ತಂಗಿ ರೊಸಾಲಿನ್ ಕೊಂಡ ಶೀತ್ಸು ತಳಿಯ ಮರಿ ಪೆರ್ಲಾಗೆ ನಾನೇ ಧರ್ಮತಾಯಿ. ಆಮೇಲೆ ಇಡೀ ಹಂದಿ ಸುಡಿಸಿ ಊಟ ಹಾಕಿಸಿ, ಮೈಕು ಹಿಡಿದು, “ಇವತ್ತಿಂದ ನಾವೆಲ್ಲ ಒಂದೇ ಮನೆಯೋರು ಕಣ್ರೀ!” ಎಂದು ತಾವು ಕೂಗಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಈ ಪತ್ರಕ್ಕೆ ಆ ಮಾತೇ ಕಾರಣ.

ತಮಗೆ ತಿಳಿಯದ್ದೇನಲ್ಲ, ಧರ್ಮತಾಯಿಯಾದವಳು ಮಗುವಿಗೆ ಮಾತ್ರ ನೆಂಟಳಲ್ಲ, ಹೆತ್ತವಳಿಗೂ ಕುಮಾರೆ, ಅಂದರೆ ಬೀಗಿತ್ತಿಗಿಂತ ಒಂದು ಕೈ ಹೆಚ್ಚು. ಅವಳ ಕಷ್ಟಸುಖ ವಿಚಾರಿಸದಿದ್ದರೆ ಊರು ಆಡಿಕೊಳ್ಳುತ್ತದೆ. ಪೆರ್ಲಾ ಮನೆಗೆ ಬಂದ ವಾರದಲ್ಲೇ ಹೊಟ್ಟೆ ಕೆಟ್ಟು, ಹುಳು ಬಿದ್ದು, ಅಂಗೈಯಲ್ಲಿ ಹಿಡಿದರೆ ಮೂಳೆ ಎಣಿಸುವಂತಾದಾಗ, ಪಶುವೈದ್ಯೆ “ಇದರ ತಾಯೀನ ಯಾರಾದ್ರೂ ನೋಡಿದೀರೇನ್ರೀ?” ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ಬೀಗಿತ್ತಿಯ ಮುಖವನ್ನೇ ನಾನು ನೋಡಿರಲಿಲ್ಲ!

ಬಿಸಿ ಅಕ್ಕಿಕಡುಬು ಕಟ್ಟಿಕೊಂಡು ತಮ್ಮ ಗೇಟಿಗೆ ಬಂದೆ. ತಮ್ಮ ಕಾವಲುಗಾರ ಇಸ್ಕೊ, “ಅಕ್ಕಾ, ಅವ್ಳು ಮಲ್ಗವ್ಳೆ” ಎಂದ. ಮತ್ತೊಮ್ಮೆ ಬಂದೆ, ಆಗಲೂ ಮಲಗಿದ್ದಳು. ಅಷ್ಟು ನಿದ್ದೆ ನನಗೂ ಸಿಕ್ಕಿದ್ದರೆ ಎಂದು ಹೊಟ್ಟೆಕಿಚ್ಚಾಯಿತು. ಹೋಗಲಿ, ಹೆಸರಾದರೂ ಹೇಳು, ಪ್ರಾರ್ಥನೆಯಲ್ಲಿ ನೆನೆಯುತ್ತೇನೆ ಎಂದರೆ, ಅವನು ತಲೆ ಕೆರೆದುಕೊಂಡು, “ಹೆಸ್ರಾ? ಮರಿಗೋಳಿಗೆ ಇಡ್ತಾರೆ ಕಣಕ್ಕಾ. ಇವ್ಳಿಗೆ ಹದ್ನೇಳ್ನೇ ಗೂಡು ಅಂತೀವಿ” ಎಂದ. ಕಡುಬನ್ನು ಅವನೇ ತಿಂದ.

ಕ್ಷಮೆಯಿರಲಿ, ಆಮೇಲೆ ನಾನು ಹಿಂಬದಿಯ ಗೋಡೆಗೆ ಬಾಡಿಗೆಯ ಸೈಡ್‌ಕಾರು ಸೈಕಲ್ಲು ಒರಗಿಸಿ, ಅದರ ಮೇಲೆ ಹತ್ತಿ ಇಣುಕಿದೆ. ತಮ್ಮ ದೂರದೃಷ್ಟಿಗೆ ತಲೆಬಾಗಿದೆ. ಗೂಡಿನ ಮೇಲೆ ಗೂಡು ಪೇರಿಸಿ ಜಾಗ ಉಳಿಸಿದ್ದೀರಿ. ತಳಕ್ಕೆ ತಂತಿಬಲೆ ಹಾಕಿಸಿದ್ದರಿಂದ ಹೊಲಸು ತಾನಾಗಿ ಕೆಳಗಿನವಳ ಮೈಮೇಲೆ ಬೀಳುತ್ತದೆ, ಗುಡಿಸುವ ಗೋಜಿಲ್ಲ. ಬಿಸಿಲೆಂಬುದು ಸೋಕದ ಕಾರಣ ಯಾರ ಬಣ್ಣವೂ ಕಪ್ಪಾಗುವ ಭಯವಿಲ್ಲ. ಹೆರಿಗೆಯ ಮೇಲೆ ಹೆರಿಗೆ, ಮರಿಯ ಮೇಲೆ ಮರಿ. ಮಕ್ಕಳುಮರಿಯಾಗಿ ಭೂಮಿಯನ್ನು ತುಂಬಿಕೊಳ್ಳಿ ಎಂಬ ದೇವರ ಮಾತನ್ನು ಇಷ್ಟು ಶ್ರದ್ಧೆಯಿಂದ ನಡೆಸಿಕೊಟ್ಟವರು ನಮ್ಮ ಇಗರ್ಜಿಯಲ್ಲೇ ಇಲ್ಲ. ಹದಿನೇಳನೇ ಗೂಡಿನಲ್ಲಿ ನನ್ನ ಬೀಗಿತ್ತಿ ನಿಜಕ್ಕೂ ಮಲಗಿದ್ದಳು. ಕೂದಲು ಜಡೆಗಟ್ಟಿ ಕಣ್ಣು ಮುಚ್ಚಿಹೋಗಿತ್ತು, ಮೊಲೆ ಜೋತುಬಿದ್ದು ತಂತಿಗೆ ತಾಗುತ್ತಿತ್ತು, ಪಾದದ ಬೆರಳುಗಳು ಬಲೆಯ ಕಿಂಡಿಯಲ್ಲಿ ಸಿಕ್ಕದಿರಲೆಂದು ಅಗಲಿಸಿ ಅಗಲಿಸಿ ಹಾಗೇ ನಿಂತುಬಿಟ್ಟಿದ್ದವು. ಮೂವತ್ತು ವರ್ಷ ಊರವರ ತಲೆ ಬಾಚಿದ ಕೈ ನನ್ನದು. ಆ ಜಡೆ ನೋಡಿ ನನಗೆ ಅಳು ಬಂತು, ಸ್ವಾಮಿ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣಪುಟ್ಟ ವಿನಂತಿಗಳು. ತಮ್ಮ ಕಚೇರಿಯ ಹುಡುಗಿಗೆ ಕೊಡುವ ಬಾಣಂತನದ ರಜೆಯನ್ನು ಇವಳಿಗೂ ಕೊಟ್ಟು, ಸಮುದ್ರ ತೀರಕ್ಕೆ ಕಳಿಸಿಕೊಡಬೇಕು. ಅಷ್ಟು ಸುಖದ ಗೂಡನ್ನು ಖಾಲಿ ಬಿಡಲು ತಮಗೆ ಮನಸ್ಸಾಗದಿದ್ದರೆ, ತಾವೇ ಒಂದು ವಾರ ಅದರಲ್ಲಿ ವಾಸಮಾಡಬೇಕು. ಊಟವನ್ನು ಕಿಂಡಿಯಿಂದ ತುರುಕುವ ಭಾರ ನನಗಿರಲಿ. ಎರಡೂ ಕಷ್ಟವೆನಿಸಿದರೆ, ಜನವರಿಯ ಊರಹಬ್ಬಕ್ಕೆ ಅವಳು ತಮ್ಮ ಬಾಗಿಲಲ್ಲಿ ನೆಲದ ಮೇಲೆ ನಾಲ್ಕು ಕಾಲೂರಿ ನಿಂತು ನನ್ನನ್ನು ಬರಮಾಡಿಕೊಳ್ಳಲಿ, ಸಾಕು. ಹಬ್ಬದ ದಿನ ನಮ್ಮೂರಲ್ಲಿ ಯಾರ ಮನೆಯ ಬಾಗಿಲೂ ಮುಚ್ಚುವಂತಿಲ್ಲ, ಅದರಲ್ಲೂ ಕುಮಾರೆಯ ಎದುರಿಗೆ. ಮಿಕ್ಕ ಧರ್ಮತಾಯಿ ಧರ್ಮತಂದೆಯರನ್ನೂ ವಿಚಾರಿಸಿದ್ದೇನೆ, ಎಲ್ಲರೂ ಅವರವರ ಬೀಗಿತ್ತಿಗೆಂದು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ತಾವು ದೊಡ್ಡಸ್ತಿಕೆಗೆಂದು ಧರ್ಮತಾಯಿಯಾಗಿಸಿದ ಪುರಸಭಾಧ್ಯಕ್ಷರ ಪತ್ನಿಯಂತೂ, “ಅಯ್ಯೋ, ನಮ್ಮ ಬೀಗಿತ್ತೀನ ನಾವು ನೋಡ್ದೆ ಇನ್ಯಾರ್ ನೋಡ್ತಾರ್ರೀ?” ಎಂದು ಈಗಲೇ ಹೊಸ ಉಡುಪು ಹೊಲಿಯಲು ಕೊಟ್ಟಿದ್ದಾರೆ. ಅಷ್ಟೂ ಜನಕ್ಕೆ ಗೂಡುಗಳ ನಡುವೆಯೇ ಎಲೆ ಹಾಕಿಸಿದರೂ ನಮಗೆ ಬೇಸರವಿಲ್ಲ.

ತಮ್ಮ ಮೈಕಿನ ಮಾತನ್ನು ತಮಗಿಂತ ಹೆಚ್ಚು ನಂಬಿರುವ,

ತಮ್ಮ ವಿಶ್ವಾಸಿ,
ಕ್ರಿಸಾಂತಾ ಮಗ್ಪಂತೈ
(ಪೆರ್ಲಾಳ ಧರ್ಮತಾಯಿ)

ತಾ.ಕ.: ಈ ಪತ್ರವನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದಾಗ ಇಸ್ಕೊ ಕೂದಲು ಕತ್ತರಿಸಿಕೊಳ್ಳಲು ಕುಳಿತಿದ್ದ. ಅರ್ಧ ತಲೆಯಲ್ಲೇ ಎದ್ದುಹೋದವನು ಒಂದು ಬುಟ್ಟಿ ಹೊತ್ತು ತಂದು, “ತಗೋಳಕ್ಕಾ, ನಿನ್ ಕುಮಾರೆ. ಎಷ್ಟ್ ಸಲ ಅಂತ ಮಲ್ಗವ್ಳೆ ಅನ್ಲಿ ನಾನು?” ಎಂದು ಇಳಿಸಿದ. ಅವನ ಮೇಲೆ ಸಿಟ್ಟಾಗಬೇಡಿ, ನೆಂಟರ ಮನೆಗೆ ನೆಂಟಳನ್ನು ಬಿಟ್ಟುಹೋಗಿದ್ದಾನೆ ಅಷ್ಟೆ. ಹಿತ್ತಲ ಹುಲ್ಲಿನ ಮೇಲೆ ಬಿಟ್ಟಾಗ ಅವಳು ಒಂದು ಕಾಲೆತ್ತಿ, ಎಲ್ಲಿ ಊರಬೇಕೆಂದು ತಿಳಿಯದೆ ಬಹಳ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಊರಿದಳು. ಬಂದ ನೆಂಟರನ್ನು ಹೋಗೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಹಾಗಂತ ನಾನು ಹಿಡಿದಿಟ್ಟುಕೊಂಡವಳೂ ಅಲ್ಲ. ತಾವು ಯಾವಾಗ ಬೇಕಾದರೂ ಬನ್ನಿ. ಬಾಗಿಲು ತೆರೆದೇ ಇರುತ್ತದೆ. ಹೊಸ್ತಿಲ ಮೇಲೆ ನಿಂತು ಅವಳನ್ನು ಹೆಸರು ಹಿಡಿದು ಕರೆಯಿರಿ, ಬಂದರೆ ಕರೆದುಕೊಂಡು ಹೋಗಿ.